ಹೊಟ್ಟಿಗೆ ಇಟ್ಟ ಬೆಂಕಿ

ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ಬಸದಿಗಳ ಪ್ರಾಕಾರದಲ್ಲಿ ತರಗೆಲೆ ಬೀಳತೊಡಗುತ್ತದೆ. ಬೆಳಗಿನ ಜಾವ ಗುಡಿಸಿದ ಅಂಗಳ ಮಧ್ಯಾಹ್ನದೊಳಗೆ ಮತ್ತೆ ತುಂಬುತ್ತದೆ. ಗುಡಿಸಿದ್ದನ್ನು ಗೋಡೆಯ ಮೂಲೆಗೆ ರಾಶಿ ಹಾಕಿ, ಸಂಜೆ ಒಂದು ಕಡ್ಡಿ ಗೀರಿ ಹಚ್ಚಿಬಿಡುವುದು ಬಸದಿಗಳಲ್ಲಿಯೂ ಮನೆಗಳಲ್ಲಿಯೂ ಬಹುಕಾಲದಿಂದ ನಡೆದುಬಂದ ವಾಡಿಕೆ. ಇಂತಹ ಬೆಂಕಿಗೂ ದಂಡ ಉಂಟೆಂದು ನಗರಸಭೆಯವರು ತಿಳಿಸಿದಾಗ ಅದು ಹೊಸ ಕಾಲದ ಕಿರುಕುಳವೆಂದು ಆಡಳಿತ ಮಂಡಳಿಗಳಿಗೆ ತೋರುವುದು ಸಹಜ. ಆದರೆ ಅಂಗಳದ ಕಸಕ್ಕೆ ಬೆಂಕಿ ಇಡುವುದರ ಮೇಲಿನ ಕಟ್ಟಳೆ ಹೊಸದಲ್ಲ. ಭಾರತದಲ್ಲಿ ದೊರೆತು, ಓದಲು ಸಾಧ್ಯವಾಗಿರುವ ಅತ್ಯಂತ ಹಳೆಯ ರಾಜಶಾಸನಗಳ ಗುಂಪಿನಲ್ಲಿಯೇ ಅದು ಕಾಣಿಸಿಕೊಂಡಿದೆ.

ಮೌರ್ಯ ಚಕ್ರವರ್ತಿ ಅಶೋಕನು ತನ್ನ ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ, ಅಂದರೆ ಸುಮಾರು ಕ್ರಿ.ಪೂ. 243ರಲ್ಲಿ, ಸ್ತಂಭಗಳ ಮೇಲೆ ಕೆತ್ತಿಸಿದ ಧರ್ಮಲಿಪಿಗಳಲ್ಲಿ ಐದನೆಯದು ಪ್ರಾಣಿದಯೆಗೆ ಮೀಸಲಾದುದು. ಕೊಲ್ಲಬಾರದ ಜೀವಿಗಳ ದೀರ್ಘವಾದ ಪಟ್ಟಿಯೊಂದು ಅದರ ಮೊದಲಲ್ಲಿದೆ. ಗಿಣಿ, ಗೊರವಂಕ, ಚಕ್ರವಾಕ, ಹಂಸ, ಬಾವಲಿ, ಆಮೆ, ಮುಳ್ಳುಹಂದಿ, ಅಳಿಲು, ಪಾರಿವಾಳ, ರಾಣಿಯಿರುವೆ ಇವೆಲ್ಲ ಆ ಪಟ್ಟಿಯಲ್ಲಿ ಸೇರಿವೆ. ಕೆಲವು ಹೆಸರುಗಳು ಯಾವ ಪ್ರಾಣಿಯವೆಂಬುದು ವಿದ್ವಾಂಸರಿಗೆ ಈಗಲೂ ಬಿಡಿಸಲಾಗದ ಒಗಟು. ಗಬ್ಬವಾಗಿರುವ ಅಥವಾ ಹಾಲೂಡಿಸುತ್ತಿರುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳು ತುಂಬದ ಅವುಗಳ ಮರಿಗಳನ್ನೂ ಕೊಲ್ಲಕೂಡದೆಂದು ಅಪ್ಪಣೆಯಾಗಿದೆ. ಇದಾದ ಮೇಲೆ ಶಾಸನದ ದೃಷ್ಟಿ ಇದ್ದಕ್ಕಿದ್ದಂತೆ ಕೆಳಗಿಳಿದು ಕಣದ ಅಂಚಿಗೆ ಬರುತ್ತದೆ: ಜೀವವಿರುವ ಹೊಟ್ಟನ್ನು ಸುಡಬಾರದು. ಅದರ ಬೆನ್ನಿಗೇ ಮತ್ತೊಂದು ವಿಧಿ: ಪ್ರಯೋಜನವಿಲ್ಲದೆ ಆಗಲಿ, ಜೀವಿಗಳನ್ನು ಹಿಂಸಿಸುವುದಕ್ಕಾಗಲಿ ಕಾಡಿಗೆ ಬೆಂಕಿ ಹಚ್ಚಬಾರದು.

ಗಿಣಿ, ಹಂಸಗಳ ಸಾಲಿನಲ್ಲಿ ಹೊಟ್ಟಿಗೆ ಏನು ಕೆಲಸ? ತೂರಿ ಉಳಿದ ಹೊಟ್ಟಿನ ರಾಶಿಯನ್ನು ಬಲ್ಲ ಒಕ್ಕಲು ಮಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಲ್ಕು ದಿನ ಬಿದ್ದಿದ್ದರೆ ಸಾಕು, ಆ ರಾಶಿ ಒಂದು ಊರಾಗುತ್ತದೆ. ಉದುರಿದ ಕಾಳಿಗಾಗಿ ಇರುವೆಗಳು ಬರುತ್ತವೆ. ಕೆಳಗಿನ ತೇವಕ್ಕೆ ಗೆದ್ದಲು, ಚೋರಟೆಗಳು ಸೇರುತ್ತವೆ. ಅವುಗಳನ್ನು ಹುಡುಕಿಕೊಂಡು ಕಪ್ಪೆ, ಹಾವುರಾಣಿ, ಚೇಳುಗಳು ಬರುತ್ತವೆ. ಇಲಿ ಮರಿ ಹಾಕುತ್ತದೆ. ಹೊಟ್ಟಿನ ಬೆಂಕಿಗೆ ಒಂದು ವಿಶೇಷ ಗುಣವಿದೆ. ಅದು ಹುಲ್ಲಿನಂತೆ ಧಗ್ಗನೆ ಉರಿದು ಮುಗಿಯುವುದಿಲ್ಲ. ಮೇಲೆ ಬೂದಿ ಕಟ್ಟಿಕೊಂಡು, ಒಳಗೊಳಗೇ ತಾಸುಗಟ್ಟಲೆ ಬೇಯುತ್ತದೆ. ಸಂಸ್ಕೃತದಲ್ಲಿ ತುಷಾಗ್ನಿ ಎಂಬ ಮಾತು ನಿಧಾನವಾದ ದಹನಕ್ಕೆ ಹೆಸರಾಗಿರುವುದು ಇದರಿಂದಲೇ. ಅಂಚಿನಲ್ಲಿದ್ದ ಜೀವಿ ಓಡಿ ಪಾರಾದೀತು. ನಡುವಿನಲ್ಲಿ ಗೂಡು ಮಾಡಿಕೊಂಡದ್ದಕ್ಕೆ ದಾರಿಯಿಲ್ಲ. ಒಣಗಿದ ಎಲೆಯ ರಾಶಿ, ಅದರಲ್ಲಿಯೂ ಅಡಿಯಲ್ಲಿ ಇಬ್ಬನಿಯ ತೇವ ಉಳಿದಿರುವ ರಾಶಿ, ಸುಡುವ ಬಗೆಯೂ ಇದೇ ಆಗಿದೆ.

ಈ ವಿಧಿಗೆ ದಂಡವೆಷ್ಟು ಎಂಬುದನ್ನು ಶಾಸನ ಹೇಳುವುದಿಲ್ಲ. ಈ ಮೌನದ ತೂಕ ತಿಳಿಯಬೇಕಾದರೆ ಕೌಟಿಲ್ಯನ ಹೆಸರಿನಲ್ಲಿರುವ ಅರ್ಥಶಾಸ್ತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಆ ಗ್ರಂಥದ ಕಾಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಆದರೆ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯದಲ್ಲಿ ಬೆಂಕಿಯ ಬಗ್ಗೆ ಇರುವಷ್ಟು ಬಿಗಿಯಾದ ನಿಯಮಗಳು ಪ್ರಾಚೀನ ಭಾರತದ ಗ್ರಂಥಗಳಲ್ಲಿ ವಿರಳ. ಬೇಸಿಗೆಯಲ್ಲಿ ಹಗಲಿನ ನಾಲ್ಕು ಭಾಗಗಳ ಪೈಕಿ ನಡುವಿನ ಎರಡರಲ್ಲಿ ಬೆಂಕಿ ಹೊತ್ತಿಸಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ. ಮನೆಮನೆಯಲ್ಲಿ ನೀರಿನ ಕೊಡ, ಏಣಿ, ಕೊಡಲಿ, ಕೊಕ್ಕೆ ಸಿದ್ಧವಿರಬೇಕು. ಬೆಂಕಿ ಆರಿಸಲು ಓಡಿಬಾರದ ಮನೆಯ ಒಡೆಯನಿಗೆ 12 ಪಣ, ಬಾಡಿಗೆಯವನಿಗೆ 6 ಪಣ. ಅಜಾಗರೂಕತೆಯಿಂದ ಬೆಂಕಿ ಬೀಳಿಸಿದವನಿಗೆ 54 ಪಣ. ಹುಲ್ಲುಗಾವಲು, ಹೊಲ, ಕಣ, ಮನೆ, ಮರಮುಟ್ಟಿನ ಕಾಡು, ಆನೆಯ ಕಾಡು ಇವುಗಳಿಗೆ ಬೇಕೆಂದೇ ಬೆಂಕಿಯಿಟ್ಟವನನ್ನು ಬೆಂಕಿಯಲ್ಲೇ ಸುಡಬೇಕು.

ಇಲ್ಲಿಯೂ ಕಣ ಇದೆ, ಕಾಡು ಇದೆ. ಆದರೆ ಅರ್ಥಶಾಸ್ತ್ರ ಕಾಯಲು ಹೊರಟದ್ದು ಕಣದಲ್ಲಿರುವ ಧಾನ್ಯವನ್ನು, ಅರಸನ ಆನೆಯನ್ನು, ಹುಲ್ಲು ಹೊದಿಸಿದ ನಗರವನ್ನು. ಯಾರ ಸ್ವತ್ತೂ ಅಲ್ಲದ, ಬೆಲೆಯೇ ಇಲ್ಲದ ಹೊಟ್ಟು ಅದರ ಕಣ್ಣಿಗೆ ಬಿದ್ದಿಲ್ಲ. ಅಶೋಕನ ಶಾಸನಕ್ಕೆ ಹೊಟ್ಟಿನ ಬೆಲೆಯ ಪ್ರಶ್ನೆಯೇ ಇಲ್ಲ; ಅದರೊಳಗೆ ಯಾರಿದ್ದಾರೆ ಎಂಬುದಷ್ಟೇ ಪ್ರಶ್ನೆ. ಒಂದೇ ಬೆಂಕಿಯ ಮೇಲೆ ಎರಡು ಕಟ್ಟಳೆಗಳು. ನೋಟಗಳು ಮಾತ್ರ ಬೇರೆ ಬೇರೆ.

ಈ ಶಾಸನದ ಸೂಕ್ಷ್ಮತೆಯನ್ನು ಕಂಡು ಅಶೋಕನು ಜೈನನೇ ಆಗಿರಬೇಕೆಂದು ವಾದಿಸಿದವರಿದ್ದಾರೆ. ಅವನ ಪ್ರಾಣಿದಯೆಯ ಅಪ್ಪಣೆಗಳು ಬೌದ್ಧರಿಗಿಂತ ಜೈನರ ವಿಚಾರಗಳಿಗೆ ಹತ್ತಿರವಾಗಿವೆ ಎಂದು ಡಚ್ ವಿದ್ವಾಂಸ ಹೆಂಡ್ರಿಕ್ ಕೆರ್ನ್ 19ನೆಯ ಶತಮಾನದಲ್ಲಿಯೇ ಹೇಳಿದ್ದನು. ಕಳ್ವಪ್ಪು ಬೆಟ್ಟದಲ್ಲಿ ಸಲ್ಲೇಖನ ಕೈಗೊಂಡನೆಂದು ಪರಂಪರೆ ಹೇಳುವ ಚಂದ್ರಗುಪ್ತನ ಮೊಮ್ಮಗನಲ್ಲವೇ ಎಂಬ ಅಭಿಮಾನವೂ ಇದಕ್ಕೆ ಸೇರಿಕೊಳ್ಳುತ್ತದೆ. ಆದರೆ ಅಭಿಮಾನಕ್ಕಾಗಿ ಇತಿಹಾಸವನ್ನು ಬಗ್ಗಿಸುವುದು ತರವಲ್ಲ. ತಾನು ಬುದ್ಧನ ಉಪಾಸಕನೆಂಬುದನ್ನು ಅಶೋಕನೇ ಕಲ್ಲಿನಲ್ಲಿ ಬರೆಸಿದ್ದಾನೆ. ಏಳನೆಯ ಸ್ತಂಭಶಾಸನದಲ್ಲಿ ನಿರ್ಗ್ರಂಥರ ಹೆಸರು ಬರುವುದು ಧರ್ಮಮಹಾಮಾತ್ರರು ನೋಡಿಕೊಳ್ಳಬೇಕಾದ ಹಲವು ಪಂಥಗಳಲ್ಲಿ ಒಂದಾಗಿ. ಬೌದ್ಧ ಅರಸನೊಬ್ಬನು ಹೊಟ್ಟಿನೊಳಗಿನ ಜೀವವನ್ನು ನೆನೆದನೆಂದರೆ, ಶ್ರಮಣರು ಆಡಿಕೊಂಡು ಬಂದ ಮಾತು ತಮ್ಮ ಸಂಘಗಳ ಎಲ್ಲೆಯನ್ನು ದಾಟಿ ರಾಜ್ಯದ ಆಡಳಿತವನ್ನು ಮುಟ್ಟಿತ್ತು ಎಂದಾಗುತ್ತದೆ. ಸಮಾಜಕ್ಕೆ ಸಂತೋಷಪಡಲು ಅಷ್ಟು ಸಾಲದೇ?

ಕನ್ನಡ ನಾಡಿನಲ್ಲಿ ಈ ಸ್ತಂಭಶಾಸನದ ಪ್ರತಿ ದೊರೆತಿಲ್ಲ. 1892ರಲ್ಲಿ ಬಿ.ಎಲ್. ರೈಸ್ ಅವರು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಪತ್ತೆ ಮಾಡಿದ ಅಶೋಕನ ಲಿಪಿಗಳು ತಾಯಿತಂದೆಯರ ಸೇವೆಯನ್ನೂ ಪ್ರಾಣಿಗಳ ಬಗ್ಗೆ ದೃಢವಾದ ನಡತೆಯನ್ನೂ ಸತ್ಯವನ್ನೂ ಹೇಳುತ್ತವೆ. ಹೊಟ್ಟಿನ ಮಾತು ಅವುಗಳಲ್ಲಿ ಇಲ್ಲ. ಆ ಮಾತು ಈ ನಾಡಿಗೆ ಬಂದದ್ದು ಬೇರೆ ದಾರಿಯಿಂದ, ಶ್ರಾವಕಾಚಾರಗಳ ಮೂಲಕ.

ಕಾಡಿನ ಬೆಂಕಿಯನ್ನು ಕುರಿತು ಹೇಳುವಾಗ ಶಾಸನ ಬಳಸಿರುವ ಪ್ರಾಕೃತ ಪದ ‘ಅನಠಾಯೆ’. ಅನರ್ಥವಾಗಿ, ಎಂದರೆ ಪ್ರಯೋಜನವಿಲ್ಲದೆ, ಎಂದು ಅದರ ಅರ್ಥ. ಜೈನ ಗೃಹಸ್ಥನ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡ ವಿರತಿಯಲ್ಲಿ ಇರುವುದೂ ಈ ಪದವೇ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಎರಡು ಅಂಗಳದ ಬೆಂಕಿಗೆ ನೇರವಾಗಿ ಸಂಬಂಧಿಸಿದವು. ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಮರ ಕಡಿಯುವುದು ಇವುಗಳನ್ನು ವ್ಯರ್ಥವಾಗಿ ಮಾಡುವುದು ಪ್ರಮಾದಚರ್ಯೆ. ಇದು ಬಹುಮಂದಿ ಬಲ್ಲ ವಿಷಯ. ಎರಡನೆಯದು ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ. ಕೊಡಲಿ, ಕತ್ತಿ, ಗುದ್ದಲಿ, ಆಯುಧ, ಸಂಕೋಲೆ ಮೊದಲಾದ ಹಿಂಸೆಯ ಸಾಧನಗಳನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಆ ಸಾಧನಗಳ ಪಟ್ಟಿಯಲ್ಲಿ ಬೆಂಕಿಯೂ ಸೇರಿದೆ. ಬಸದಿಯ ಅಂಗಳದಲ್ಲಿ ಎಲೆಯ ರಾಶಿಗೆ ಕಡ್ಡಿ ಗೀರುವವರು ಸಾಮಾನ್ಯವಾಗಿ ಧರ್ಮದರ್ಶಿಗಳಲ್ಲ, ಸಂಬಳಕ್ಕೆ ಗುಡಿಸುವವರು. ಬೆಂಕಿಪೊಟ್ಟಣ ಬಂದದ್ದು ಎಲ್ಲಿಂದ, ‘ಸುಟ್ಟುಬಿಡು’ ಎಂಬ ಅಪ್ಪಣೆ ಬಂದದ್ದು ಯಾರಿಂದ ಎಂದು ಕೇಳಿದರೆ ಕೃತ, ಕಾರಿತ, ಅನುಮೋದಿತ ಎಂಬ ಮೂರು ಮಾತುಗಳು ಪಾಠಶಾಲೆಯಿಂದ ಎದ್ದು ಅಂಗಳಕ್ಕೇ ಬಂದು ನಿಲ್ಲುತ್ತವೆ.

ಶ್ವೇತಾಂಬರ ಆಗಮಗಳ ಪೈಕಿ ಉಪಾಸಕದಶಾಂಗದಲ್ಲಿ ವಾಣಿಜ್ಯಗ್ರಾಮದ ಆನಂದನೆಂಬ ಗೃಹಸ್ಥನು ಭಗವಾನ್ ಮಹಾವೀರರಿಂದ ವ್ರತ ಸ್ವೀಕರಿಸುವ ಪ್ರಸಂಗವಿದೆ. ಶ್ರಾವಕನು ಮಾಡಬಾರದ 15 ವೃತ್ತಿಗಳು ಅಲ್ಲಿ ಎಣಿಕೆಗೊಂಡಿವೆ. ಇದ್ದಿಲು ಸುಡುವ ಅಂಗಾರಕರ್ಮ ಅವುಗಳಲ್ಲಿ ಮೊದಲನೆಯದಾದರೆ ಕಾಡಿಗೆ ಬೆಂಕಿ ಕೊಡುವ ದವದಾನ ಹದಿಮೂರನೆಯದು. 12ನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿಯೂ, 13ನೆಯ ಶತಮಾನದಲ್ಲಿ ಮಾಳವದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿಯೂ ಈ ಪಟ್ಟಿಯನ್ನು ಕೈಗೆತ್ತಿಕೊಂಡರು. ಹೇಮಚಂದ್ರರ ವಿಂಗಡಣೆ ಕುತೂಹಲಕರವಾದುದು. ದವದಾನದಲ್ಲಿ ಎರಡು ಬಗೆ ಎನ್ನುತ್ತಾರೆ ಅವರು. ಮೊದಲನೆಯದು ಚಟದಿಂದ, ಫಲದ ಯೋಚನೆಯೇ ಇಲ್ಲದೆ ಹಚ್ಚುವುದು. ಎರಡನೆಯದು ಪುಣ್ಯಬುದ್ಧಿಯಿಂದ ಹಚ್ಚುವುದು. ಹಳೆಯ ಹುಲ್ಲು ಸುಟ್ಟರೆ ಹೊಸ ಹುಲ್ಲು ಚಿಗುರಿ ದನಗಳು ಮೇಯುತ್ತವೆ ಎಂಬಂತಹ ಒಳ್ಳೆಯ ಉದ್ದೇಶದಿಂದ. ಎರಡೂ ಅವರ ಪ್ರಕಾರ ನಿಷಿದ್ಧ. ದೇವರ ಸ್ಥಳ ಚೊಕ್ಕಟವಾಗಿರಲಿ ಎಂದು ಹೊತ್ತಿಸುವ ಬೆಂಕಿ ಯಾವ ಬಗೆಗೆ ಸೇರುತ್ತದೆ ಎಂಬುದನ್ನು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗೆಂದು ನಾಡಿನ ಬೆಂಕಿಗಳೆಲ್ಲ ಅನರ್ಥವಾಗಿದ್ದವು ಎನ್ನಲಾಗದು. ಅವಿಭಜಿತ ದಕ್ಷಿಣ ಕನ್ನಡದಲ್ಲಿ, ಎಂದರೆ ಕಾರ್ಕಳ, ಮೂಡುಬಿದಿರೆಗಳ ಸೀಮೆಯಲ್ಲಿಯೇ, ಒಣ ಎಲೆ ಕಸಕಡ್ಡಿಗಳನ್ನು ಮಣ್ಣಿನೊಡನೆ ಒಟ್ಟಿ ನಿಧಾನವಾಗಿ ಸುಟ್ಟು ‘ಸುಡುಮಣ್ಣು’ ಎಂಬ ಗೊಬ್ಬರವನ್ನು ಮಾಡುವ ಪದ್ಧತಿ ಹಿಂದಿನಿಂದ ಬಂದದ್ದು. ಮಲ್ಲಿಗೆಗೂ ತರಕಾರಿಗೂ ಅದನ್ನು ಹಾಕುತ್ತಾರೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಕುಮ್ರಿ ಬೇಸಾಯವಿತ್ತು: ಒಣಗಾಲದಲ್ಲಿ ಮರ ಪೊದೆ ಕಡಿದು, ಮಳೆಗೆ ಮೊದಲು ಸುಟ್ಟು, ಆ ಬೂದಿಯಲ್ಲಿ ರಾಗಿ ಚೆಲ್ಲಿ, ಒಂದೆರಡು ಬೆಳೆಯ ನಂತರ ಬೇರೆ ಕಡೆಗೆ ಹೋಗುವುದು. ಕುಣಬಿ ಮೊದಲಾದ ಜನಕ್ಕೆ ಅದು ಹೊಟ್ಟೆಯ ಪ್ರಶ್ನೆಯಾಗಿತ್ತು. ಇದಕ್ಕೆ ವಿರುದ್ಧವಾಗಿ ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ, ಅದನ್ನು ಗೊಬ್ಬರದ ಗುಂಡಿಗೆ ಸಾಗಿಸಿದರು. ಅವರಿಗೆ ಒಣ ಎಲೆ ಸುಡುವುದೆಂದರೆ ತೋಟದ ಅನ್ನವನ್ನು ಸುಟ್ಟಂತೆ. ಶಾಸ್ತ್ರದ ಹಂಗಿಲ್ಲದೆಯೂ ಎಲೆಯನ್ನು ಬೆಂಕಿಯಿಂದ ಉಳಿಸಿದ ಪದ್ಧತಿ ಇದು.

ಬ್ರಿಟಿಷ್ ಆಳ್ವಿಕೆಯಲ್ಲಿ ಬೆಂಕಿಯ ಕಟ್ಟಳೆ ಮತ್ತೆ ಕೌಟಿಲ್ಯನ ದಾರಿಗೆ ಹೊರಳಿತು. ಹಡಗಿಗೂ ರೈಲು ಹಳಿಯ ಅಡಿಗೂ ಮರ ಬೇಕಾಗಿದ್ದ ಕಾಲ ಅದು. ಸರ್ಕಾರಿ ಕಾಡಿನಲ್ಲಿ ಅನುಮತಿಯಿಲ್ಲದೆ ಕುಮ್ರಿ ಕಡಿಯುವುದನ್ನು ಮದ್ರಾಸು ಸರ್ಕಾರ 1860ರಲ್ಲಿ ತಡೆಯಿತು. 1878ರ ಅರಣ್ಯ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ 1927ರ ಕಾಯಿದೆಯೂ ಕಾಯ್ದಿರಿಸಿದ ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು ಅಪರಾಧವೆಂದವು. ಕುಮ್ರಿಯ ಬೆಂಕಿ ನಿಂತಾಗ ಎಷ್ಟೋ ಪ್ರಾಣಿಗಳು ಬದುಕಿಕೊಂಡಿರಬಹುದು. ಆದರೆ ಆ ಕಾಯಿದೆ ನೆನೆದದ್ದು ಮರವನ್ನೇ ಹೊರತು ಪ್ರಾಣಿಗಳನ್ನಲ್ಲ. ಬೆಟ್ಟದ ಬಡವನನ್ನಂತೂ ಅಲ್ಲವೇ ಅಲ್ಲ. ಅದೇ 1860ರ ಭಾರತೀಯ ದಂಡ ಸಂಹಿತೆ ತನ್ನ 278ನೆಯ ಕಲಮಿನಲ್ಲಿ, ನೆರೆಹೊರೆಯವರ ಆರೋಗ್ಯಕ್ಕೆ ಕೆಡುಕಾಗುವಂತೆ ಗಾಳಿಯನ್ನು ಬೇಕೆಂದೇ ಕೆಡಿಸಿದವನಿಗೆ 500 ರೂಪಾಯಿಯವರೆಗೆ ದಂಡ ಎಂದಿತು. 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬರುವವರೆಗೂ ಆ ಕಲಮು ಪುಸ್ತಕದಲ್ಲಿತ್ತು. ಆದರೆ ಒಂದು ಮನೆಯ ಅಂಗಳದ ಹೊಗೆ ನೆರೆಯವರ ಆರೋಗ್ಯದ ಪ್ರಶ್ನೆಯೆಂಬ ಅರಿವು ಬಲಿಯಲು ಬಹುಕಾಲ ಹಿಡಿಯಿತು.

ಆ ಅರಿವು ಕಟ್ಟಳೆಯ ರೂಪ ತಾಳಿದ ಪ್ರಸಿದ್ಧ ಸ್ಥಳ ಅಮೆರಿಕದ ಲಾಸ್ ಏಂಜಲೀಸ್. ಅಲ್ಲಿ ಮನೆಯ ಹಿತ್ತಲಲ್ಲಿ ಕಸ ಸುಡಲು ಒಂದು ಸಣ್ಣ ಗೂಡು ಇರುವುದು ಸಾಮಾನ್ಯವಾಗಿತ್ತು. 1943ರ ಜುಲೈಯಲ್ಲಿ ನಗರವನ್ನು ಕವಿದ ದಟ್ಟ ಹೊಗೆಮಂಜು ಜನರ ಕಣ್ಣು ಗಂಟಲುಗಳನ್ನು ಉರಿಸಿತು. 1947ರಲ್ಲಿ ವಾಯುಮಾಲಿನ್ಯ ನಿಯಂತ್ರಣಕ್ಕೆಂದೇ ಜಿಲ್ಲಾ ಮಟ್ಟದ ಸಂಸ್ಥೆ ಹುಟ್ಟಿತು. 1957ರ ಅಕ್ಟೋಬರ್ 1ರಿಂದ ಹಿತ್ತಲ ಗೂಡುಗಳಲ್ಲಿ ಕಸ ಸುಡುವುದು ನಿಷಿದ್ಧವಾಯಿತು. ಹೊಗೆಮಂಜಿನ ಮುಖ್ಯ ಕಾರಣ ಮೋಟಾರು ವಾಹನಗಳ ಹೊಗೆಯೆಂದು ಆರಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ಅಷ್ಟರಲ್ಲಿ ತೋರಿಸಿಕೊಟ್ಟಿದ್ದನು. ಕಾರು ಉಳಿದು ಹಿತ್ತಲ ಗೂಡು ಹೋಯಿತು. ಸುಲಭವಾಗಿ ಕೈಗೆ ಸಿಕ್ಕುವುದನ್ನು ಕಟ್ಟಳೆ ಮೊದಲು ಹಿಡಿಯುತ್ತದೆ ಎಂಬುದು ಎಲ್ಲ ದೇಶಗಳ ಅನುಭವ.

ಭಾರತದಲ್ಲಿ 1981ರ ವಾಯು ಕಾಯಿದೆ, ಇಂಧನವಲ್ಲದ ವಸ್ತುವನ್ನು ಸುಡುವುದನ್ನು ನಿಷೇಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತು. ಒಣ ಎಲೆಯ ಹೆಸರು ಸ್ಪಷ್ಟವಾಗಿ ಬಂದದ್ದು 2000ದ ನಗರ ಘನತ್ಯಾಜ್ಯ ನಿಯಮಗಳಲ್ಲಿ: ಕಸವನ್ನೂ ಒಣ ಎಲೆಗಳನ್ನೂ ಸುಡತಕ್ಕದ್ದಲ್ಲ. ಈ ನಿಯಮಗಳ ಹಿಂದೆ ಕರ್ನಾಟಕದ ಒಂದು ಎಳೆಯೂ ಇದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯೇ ಈ ನಿಯಮಗಳಿಗೆ ದಾರಿಯಾಯಿತು. ಅದೇ ಅರ್ಜಿ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ವರ್ಗವಾಗಿ, 2016ರ ಡಿಸೆಂಬರ್ 22ರ ತೀರ್ಪಿನಲ್ಲಿ ದೇಶದಾದ್ಯಂತ ಬಯಲಿನಲ್ಲಿ ಕಸ ಸುಡುವುದು ನಿಷಿದ್ಧವಾಯಿತು: ಸಾಮಾನ್ಯವಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಘನತ್ಯಾಜ್ಯ ನಿಯಮಗಳು, ತೋಟದ ಕಸವನ್ನು ಆವರಣದೊಳಗೆ ಬೇರೆಯಾಗಿ ಇಟ್ಟುಕೊಳ್ಳಬೇಕೆಂದು ವಿಧಿಸಿದ್ದವು. ದಿಲ್ಲಿಯ ಮಟ್ಟಿಗೆ 2015ರ ಏಪ್ರಿಲ್‌ನಲ್ಲಿಯೇ ಎಲೆ ಸುಡುವವರಿಗೆ 5,000 ರೂಪಾಯಿ ದಂಡದ ಆಜ್ಞೆ ಹೊರಟಿತ್ತು. ಅಶೋಕನ ಐದನೆಯ ಶಾಸನವನ್ನು ಹೊತ್ತ ತೋಪ್ರಾ ಸ್ತಂಭ ನಿಂತಿರುವುದೂ ಅದೇ ದಿಲ್ಲಿಯಲ್ಲಿ, ಫಿರೋಜ್ ಷಾ ಕೋಟ್ಲಾದ ಮೇಲೆ. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಅದನ್ನು ತರಿಸಿ ನಿಲ್ಲಿಸಿದಾಗ ಅದರ ಅಕ್ಷರಗಳನ್ನು ಓದಬಲ್ಲವರು ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದ ಮೇಲೆಯೇ ಹೊಟ್ಟಿನ ಮಾತು ಮತ್ತೆ ಲೋಕಕ್ಕೆ ತಿಳಿದದ್ದು.

ಈಗಿನ ಕಟ್ಟಳೆ ನೆನೆಯುವುದು ಉಸಿರಾಡುವ ಮನುಷ್ಯನನ್ನು. ಅದು ಅಲ್ಪವಾದ ಮಾತಲ್ಲ. ಅರೆಬೆಂದು ಹೊಗೆಯಾಡುವ ಎಲೆ ರಾಶಿಯಿಂದ ಏಳುವ ಅತಿಸೂಕ್ಷ್ಮ ಕಣಗಳೂ ಇಂಗಾಲದ ಮಾನಾಕ್ಸೈಡೂ ಮೊದಲು ತಾಗುವುದು ಪಕ್ಕದ ಮನೆಯ ಮಗುವಿಗೆ, ಉಬ್ಬಸದ ಮುದುಕರಿಗೆ, ಎಲ್ಲಕ್ಕಿಂತ ಹೆಚ್ಚಾಗಿ ರಾಶಿಯ ಪಕ್ಕದಲ್ಲಿಯೇ ನಿಂತು ಕೆದಕುವ ಕೆಲಸದವರಿಗೆ. ಅವರೂ ಪಂಚೇಂದ್ರಿಯ ಜೀವಗಳೇ ಎಂಬುದನ್ನು ಇರುವೆಯ ಚಿಂತೆಯಲ್ಲಿ ಮರೆಯುವ ಶ್ರಾವಕನಿಗೆ ಶಾಸ್ತ್ರದ ಆಸರೆಯಿಲ್ಲ. ಆದರೆ ರಾಶಿಯೊಳಗಿದ್ದ ಜೀವ ಮಾತ್ರ 2,200 ವರ್ಷಗಳ ಈ ಪಯಣದಲ್ಲಿ ಸರ್ಕಾರದ ಕಡತದಿಂದ ಜಾರಿ ಬಿದ್ದಿದೆ. ಅದನ್ನು ಇನ್ನೂ ಹೆಸರು ಹಿಡಿದು ನೆನೆಯುತ್ತಿರುವುದು ಶ್ರಾವಕಾಚಾರದ ಹಳೆಯ ಪುಟಗಳು.

ಸುಡದಿದ್ದರೆ ಎಲೆಯನ್ನು ಏನು ಮಾಡಬೇಕು? ಗುಂಡಿ ಎಂಬುದು ಮಲೆನಾಡಿನ ಉತ್ತರ. ಇದಕ್ಕೆ ಶ್ರಾವಕರಿಂದ ಬರುವ ಆಕ್ಷೇಪವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ: ಗೊಬ್ಬರದ ಗುಂಡಿಯಲ್ಲಿ ಅಸಂಖ್ಯ ಜೀವಗಳು ಹುಟ್ಟುತ್ತವೆ, ಗುಂಡಿ ತೆಗೆಯುವಾಗ ಸಾಯುತ್ತವೆ, ಹಾಗಾದರೆ ಬೆಂಕಿಗಿಂತ ಅದು ಹೇಗೆ ಮೇಲು? ಗೃಹಸ್ಥನ ಕೆಲಸಗಳಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಯನ್ನು ಶಾಸ್ತ್ರಗಳು ಒಪ್ಪಿಕೊಂಡಿವೆ, ಅನರ್ಥವಾದುದನ್ನು ಒಪ್ಪಿಲ್ಲ. ಬೆಂಕಿಗೆ ಸಿಕ್ಕ ರಾಶಿಯಲ್ಲಿ ಏನೂ ಉಳಿಯುವುದಿಲ್ಲ, ಬೆಂಕಿಯ ಕಾಯವನ್ನೇ ಧರಿಸಿದ ತೇಜಸ್ಕಾಯಿಕ ಜೀವಗಳ ಹಿಂಸೆಯೂ ಅದಕ್ಕೆ ಸೇರುತ್ತದೆ. ಎಲೆಯನ್ನು ತನ್ನ ಪಾಡಿಗೆ ಕೊಳೆಯಲು ಬಿಟ್ಟರೆ ಅದರೊಳಗಿನ ಎರೆಹುಳು ತನ್ನ ಆಯುಷ್ಯವನ್ನು ತಾನು ಕಳೆಯುತ್ತದೆ. ಕೆಡುಕು ಇರುವುದು ಗುದ್ದಲಿ ಹಾಕುವ ಗಳಿಗೆಯಲ್ಲಿ. ಅದನ್ನು ಕಡಿಮೆ ಮಾಡಲು ಎರಡು ಗುಂಡಿಗಳ ಉಪಾಯವುಂಟು. ಒಂದು ತುಂಬಿದ ಮೇಲೆ ಸಗಣಿಯ ಬಗ್ಗಡ ಚಿಮುಕಿಸಿ, ತೆಳುವಾಗಿ ಮಣ್ಣು ಮುಚ್ಚಿ, ಒಂದು ಮಳೆಗಾಲ ಪೂರ್ತಿ ಮುಟ್ಟದೆ ಬಿಡುವುದು. ಹೊಸ ಎಲೆಯನ್ನು ಎರಡನೆಯದಕ್ಕೆ ಹಾಕುವುದು. ಮಳೆ ನಿಂತು ಮೇಲ್ಪದರ ಒಣಗಿದಂತೆ ಹುಳುಗಳು ತೇವವನ್ನು ಅರಸಿ ಕೆಳಕ್ಕೆ ಇಳಿಯುತ್ತವೆ. ಮೇಲಿನ ಗೊಬ್ಬರವನ್ನು ಆಗ ಕೈಯಿಂದಲೇ ಬಾಚಿ ತೆಗೆಯಬಹುದು. ಚಾತುರ್ಮಾಸದ ನಾಲ್ಕು ತಿಂಗಳಲ್ಲಿ ಗುಂಡಿಗೆ ಗುದ್ದಲಿ ತಾಗದಂತೆ ನೋಡಿಕೊಂಡರೆ, ಕಾರ್ತಿಕ ಕಳೆದ ಮೇಲೆ ಬಸದಿಯ ಹೂಗಿಡಗಳಿಗೆ ಬೇಕಾದಷ್ಟು ಗೊಬ್ಬರ ಅದೇ ಅಂಗಳದಲ್ಲಿ ದೊರೆಯುತ್ತದೆ.